ಕೊಬ್ಬರಿ ಮಂಡಿಯಲ್ಲಿ ನೋಡಿದ ತೂಕ

ನಮ್ಮ ಹಟ್ಟಿಯಲ್ಲಿ ಯಾರಾದರೂ ಬಸುರಿ ಎಂದು ಗೊತ್ತಾದರೆ ನಾನು ಅವರ ಮನೆಗೆ ಹೋಗಿ ಮೊದಲು ಕಾಲು ನೋಡುತ್ತೇನೆ. ಹೊಸದಾಗಿ ಬಂದ ಸೊಸೆಯರು ಗಾಬರಿಯಾಗುತ್ತಾರೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಬಾಗಿಲ ಹಿಂದೆ ನಗುವವರೂ ಇದ್ದಾರೆ. ನಗಲಿ. ಕಾಲು ಚಾಚಿಸಿ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಹತ್ತು ಎಣಿಸಿ, ಬೆರಳು ತೆಗೆದು ನೋಡಿದ ಮೇಲೆಯೇ ನಾನು ಆ ಮನೆಯ ಕಾಫಿ ಮುಟ್ಟುವುದು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹೊಸದುರ್ಗದ ಕಡೆಯವಳು. ಆದಿವಾಲದ ಹತ್ತಿರದ ಈ ಹಟ್ಟಿಗೆ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಏಳನೇ ಕ್ಲಾಸು ಪಾಸಾಗಿದ್ದೆ, ಮನೆಯಲ್ಲಿ ಓದು ಬರೆಹ ಬಲ್ಲವಳು ನಾನೊಬ್ಬಳೇ. ಅದರ ಜಂಬ ಮೈಯೆಲ್ಲ ಇತ್ತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಇದ್ದದ್ದು ನನ್ನ ಗಂಡ, ನಮ್ಮತ್ತೆ, ಎಂಬತ್ತು ಕುರಿ, ಸ್ವಲ್ಪ ಹೊಲ, ಒಂದಷ್ಟು ತೆಂಗಿನ ಮರ. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಆ ಎಂಬತ್ತು ಕುರಿಗಳನ್ನು ಅತ್ತೆ ಮುಟ್ಟಿಯೇ ಗುರುತಿಸುತ್ತಿದ್ದರು. ಕೆರೆಯಂಚಿನ ಹುಲ್ಲು ಮೇಯ್ದ ಕುರಿಗಳಿಗೆ ಕೆಲವು ಸಲ ಗದ್ದದ ಕೆಳಗೆ ನೀರು ತುಂಬುತ್ತಿತ್ತು. ನೋಡಿದವರಿಗೆ ಕುರಿ ಮೈದುಂಬಿದ ಹಾಗೆ ಕಾಣುತ್ತದೆ. ಅತ್ತೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. “ಕೊಬ್ಬಾದ್ರೆ ಬೆರಳ ಹಿಂದೆನೇ ಎದ್ದು ಬರ್ತೈತೆ. ನೀರಾದ್ರೆ ಗುಳಿ ಹಂಗೇ ನಿಲ್ತೈತೆ,” ಎಂದು ನನಗೂ ಹೇಳಿಕೊಟ್ಟಿದ್ದರು. ನಾನು ಕೇಳಿಸಿಕೊಂಡೆ. ಅದು ಕುರಿಯ ವಿದ್ಯೆ ಅಂದುಕೊಂಡೆ.

ಚೊಚ್ಚಲು ಹೆರಿಗೆ ತವರಲ್ಲಿ ಆಗಬೇಕು. ನನಗೆ ತಾಯಿ ಇರಲಿಲ್ಲ. ನಾನು ಬಸುರಿ ಎಂದು ತಿಳಿದ ದಿನ ಅತ್ತೆ ಒಲೆ ಮುಂದೆ ಕೂತು ರಾಗಿ ಹಿಟ್ಟು ತೊಳಸುತ್ತ, “ಎಲ್ಲಿಗೂ ಹೋಗಬ್ಯಾಡ. ನಾನೇ ನಿಮ್ಮವ್ವ ಅನ್ಕ,” ಎಂದರು. ಬಾಯಿ ಮಾತಿಗೆ ಹೇಳುವ ಹೆಂಗಸಲ್ಲ ಆಕೆ.

ಆದರೆ ಆಕೆಯ ಲೆಕ್ಕವೆಲ್ಲ ಕುರಿಯದ್ದು. “ಗಬ್ಬದ ಕುರಿನ ಕಟ್ಟಿ ಹಾಕಿ ಮೇಯಿಸ್ಬಾರ್ದು, ನಡೀಬೇಕು. ಹೊಟ್ಟೆ ಬಿರಿಯ ಉಂಡ್ರೆ ಕೂಸು ದಪ್ಪಾಗಿ ಹೊರಗೆ ಬರಾಕೆ ಒದ್ದಾಡ್ತೈತೆ,” ಎಂದು ನನ್ನ ಮುದ್ದೆಯನ್ನು ಅರ್ಧ ಮುರಿದು ಇಡುತ್ತಿದ್ದರು. ದಿನಾ ಮಧ್ಯಾಹ್ನ ಕುರಿ ಹಿಂದೆ ಹೋದ ಗಂಡನಿಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ಹೋಗಿ ಬರುವಷ್ಟರಲ್ಲಿ ಎರಡು ಮೈಲಿ ಆಗುತ್ತಿತ್ತು. ನಡೆಯುವುದಕ್ಕೆ ನನಗೆ ಬೇಜಾರಿರಲಿಲ್ಲ. ಹಸಿವಿಗೆ ಬೇಜಾರಿತ್ತು. ಅರ್ಧ ಮುದ್ದೆ ಉಂಡು ಎದ್ದು, ಬುತ್ತಿಯಲ್ಲಿದ್ದ ಗಂಡನ ರೊಟ್ಟಿ ದಾರಿಯಲ್ಲಿ ಮುರಿದು ತಿನ್ನುತ್ತಿದ್ದೆ. ಗಂಡನಿಗೆ ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ.

ನಾಲ್ಕು ತಿಂಗಳಾದಾಗ ಹಿರಿಯೂರಿಗೆ ಹೋಗಿ ನರ್ಸಮ್ಮನಿಗೆ ತೋರಿಸಿದೆವು. ನಲವತ್ತು ದಾಟಿದ, ಕನ್ನಡಕದ ಹೆಂಗಸು. ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದಳು. ನಲವತ್ತೊಂದು ಕಿಲೋ. “ಇದೇನವ್ವ, ಕಡ್ಡಿ ಇದ್ದಂಗಿದೀಯ. ಹೆರಿಗೆ ಹೊತ್ತಿಗೆ ಐವತ್ತು ಮುಟ್ಟಬೇಕು. ಮಗೂಗೆ ನೀನು ಉಂಡಿದ್ದೇ ಊಟ,” ಎಂದಳು. ಕೈಗೆ ಪಟ್ಟಿ ಸುತ್ತಿ ಗಾಳಿ ಹೊಡೆದು ನೋಡಿದಳು. ಉಚ್ಚೆ ಹಿಡಿದು ತರಿಸಿ, ಸಣ್ಣ ಕೊಳವೆಯಲ್ಲಿ ಕಾಯಿಸಿದಳು. ಆಮೇಲೆ ಬಗ್ಗಿ ನನ್ನ ಕಾಲು ಹಿಡಿದು ಒತ್ತಿದಳು. ನಾನು ಜೀವ ಹೋದವಳಂತೆ ಕಾಲು ಎಳೆದುಕೊಂಡು, ಅವಳ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹಿರಿಯರು ಕಿರಿಯರ ಕಾಲು ಮುಟ್ಟಿದರೆ ಕಿರಿಯರ ಆಯಸ್ಸು ಕಮ್ಮಿಯಾಗುತ್ತದೆ. ನಮ್ಮಲ್ಲಿ ಕೂಸು ಕೂಡ ಅದನ್ನು ಬಲ್ಲದು. ಹಿರಿಯರ ಮುಂದೆ ಕೂತರೆ ಪಾದವನ್ನು ಸೀರೆಯೊಳಗೆ ಮಡಚಿಕೊಂಡೇ ಕೂರುವವರು ನಾವು. ನರ್ಸಮ್ಮ ನಕ್ಕು ಚೀಟಿಯಲ್ಲಿ ತೂಕ ಬರೆದುಕೊಟ್ಟಳು.

ಐವತ್ತು ಕಿಲೋ ಎಂದಾಗ ಅತ್ತೆ ಮೊದಲು ಮುಖ ಗಂಟಿಕ್ಕಿದರು. ಮರುದಿನ ನೋಡಿದರೆ ನನ್ನ ತಟ್ಟೆಯಲ್ಲಿ ಇಡೀ ಮುದ್ದೆ, ಮೇಲೆ ಬೆಣ್ಣೆ. “ಓದಿದೋರು ಹೇಳವ್ರೆ, ತಿನ್ನು,” ಎಂದಷ್ಟೇ ಹೇಳಿದರು. ಆ ಮೇಲೆ ಐವತ್ತು ಕಿಲೋ ಎನ್ನುವುದು ನಮ್ಮಿಬ್ಬರ ಹಟವಾಯಿತು. ಹುರಳಿ, ಕಡಲೆಕಾಯಿ, ಕುರಿ ಹಾಲು, ವಾರಕ್ಕೊಮ್ಮೆ ಮೊಟ್ಟೆ. ನಡೆಯುವುದನ್ನು ಮಾತ್ರ ಅತ್ತೆ ಬಿಡಿಸಲಿಲ್ಲ, ನರ್ಸಮ್ಮನೂ ನಡೀಬೇಕು ಅಂದಿದ್ದಳು. ಅದೊಂದರಲ್ಲಿ ತಾನು ಗೆದ್ದೆ ಎಂದು ಅತ್ತೆಗೆ ಖುಷಿ. ಐದನೇ ತಿಂಗಳು ನಲವತ್ತಮೂರು, ಆರಕ್ಕೆ ನಲವತ್ತನಾಲ್ಕು, ಏಳಕ್ಕೆ ನಲವತ್ತಾರು. ಊರಿಗೆ ಬಂದು ಅಂಕಿ ಹೇಳಿದರೆ ಅತ್ತೆ ಬೆರಳು ಮಡಚಿ ಇನ್ನೆಷ್ಟು ಬಾಕಿ ಎಂದು ನೋಡುತ್ತಿದ್ದರು. ನನಗೆ ತಾಯಿ ಇಲ್ಲ ಎನ್ನುವುದು ಆ ದಿನಗಳಲ್ಲಿ ನೆನಪೇ ಆಗಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಮುಂದಿನದು ನನ್ನ ಬುದ್ಧಿವಂತಿಕೆ.

ಎಂಟನೇ ತಿಂಗಳಿಗೆ ಕುರಿ ಉಣ್ಣೆ ಕತ್ತರಿಸುವ ಕೆಲಸ ಬಂತು. ನರ್ಸಮ್ಮನ ಹತ್ತಿರ ಹೋದರೆ ಅರ್ಧ ದಿನ ಕೂರಬೇಕು. ಗಂಡ ನಾಲ್ಕು ಮೂಟೆ ಕೊಬ್ಬರಿ ಹಾಕಲು ಹಿರಿಯೂರಿನ ಮಂಡಿಗೆ ಹೊರಟಿದ್ದರು. “ಸರದಿಯಾಗೆ ಕುಂತ್ಕಂಡು ಯಾಕೆ ಕಾಯಾದು? ಮಂಡಿಯಾಗೂ ತೂಕದ ಮಿಷನ್ ಐತಲ್ಲ. ನಾನೇ ನೋಡಿ ಚೀಟಿಯಾಗೆ ಬರ್ಕತೀನಿ,” ಎಂದೆ. ಅಂದದ್ದು ನಾನೇ. ಗಂಡನೂ ಅಲ್ಲ, ಅತ್ತೆಯೂ ಅಲ್ಲ. ಏಳನೇ ಕ್ಲಾಸು ಪಾಸಾದವಳು.

ಮೂಟೆಗಳು ಇಳಿದ ಮೇಲೆ ಆ ಕಬ್ಬಿಣದ ಹಲಗೆ ಹತ್ತಿ ನಿಂತೆ. ಮಂಡಿಯ ಗುಮಾಸ್ತ, “ಏನವ್ವ, ನಿನ್ನ ಯಾವ ರೇಟಿಗೆ ಹಾಕ್ಕಳಾಣ?” ಎಂದು ತಮಾಷೆ ಮಾಡಿದ. ನಲವತ್ತೆಂಟು. ಅಲ್ಲಿಂದ ಹದಿನೈದು ದಿನಕ್ಕೆ ಮತ್ತೆ ಹೋದಾಗ ಐವತ್ತಮೂರು. ನಾನು ತೂಕದ ಗುಂಡು ಸರಿಸಿ ಎರಡು ಸಲ ನೋಡಿದೆ. ಐವತ್ತಮೂರೇ. ದಾರಿಯುದ್ದಕ್ಕೂ ನನಗೆ ನೆಲ ಕಾಣಲಿಲ್ಲ. ಮನೆಗೆ ಬಂದು ಹೇಳಿದರೆ ಅತ್ತೆ ನನ್ನ ಕೆನ್ನೆ ಹಿಡಿದು ನೋಡಿ, “ಈಗ ಮೈ ತುಂಬ್ತು ನೋಡು,” ಎಂದು ದೃಷ್ಟಿ ತೆಗೆದರು. ಅಕ್ಕಪಕ್ಕದ ಹೆಂಗಸರೆಲ್ಲ ಬಂದು ನೋಡಿ ಹೋದರು. ಚೀಟಿಯಲ್ಲಿ ನರ್ಸಮ್ಮನ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ಐವತ್ತಮೂರು ಎಂದು ಬರೆದೆ. ಹಲಗೆ ತೂಕ ಎಷ್ಟು ಎಂದು ಹೇಳುತ್ತದೆ. ಯಾವುದರ ತೂಕ ಎಂದು ಹೇಳುವುದಿಲ್ಲ. ಆ ಬುದ್ಧಿ ನನಗೆ ಆಗ ಬರಲಿಲ್ಲ.

ಬಳೆ ಕೈಯಲ್ಲಿ ತಿರುಗುತ್ತಿರಲಿಲ್ಲ. ತಲೆ ನೋವು ಶುರುವಾಯಿತು, ಬಿಸಿಲಿಗೆ ಎಂದುಕೊಂಡೆ. ಕಣ್ಣ ಮುಂದೆ ಮಿಣುಕು ಮಿಣುಕು ಎನ್ನುತ್ತಿತ್ತು, ರಕ್ತ ಕಮ್ಮಿ ಎಂದು ಬೆಲ್ಲ ತಿಂದೆ. ಒಂದು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದಾಗ ಅತ್ತೆ ಬಂದು ನಿಂತರು. ಸೀರೆ ಎತ್ತಿಕಟ್ಟಿದ್ದೆ. ಕಾಲುಂಗುರ ಬೆರಳೊಳಗೆ ಹೂತುಹೋಗಿತ್ತು. ಅತ್ತೆ ಬಹಳ ಹೊತ್ತು ನನ್ನ ಕಾಲನ್ನೇ ನೋಡಿದರು. ಬಗ್ಗಿದರು, ಅವರ ಕೈ ಅರ್ಧ ಕೆಳಗೆ ಬಂತು. ನಾನು ನಾಚಿಕೊಂಡು ಸೀರೆ ಇಳಿಸಿದೆ. ಅವರು ನೆಟ್ಟಗಾಗಿ, “ಉಂಗುರ ಬಿಗಿಯಾಗೈತೆ, ಎಣ್ಣೆ ಹಚ್ಕ,” ಎಂದು ಕುರಿ ದೊಡ್ಡಿಯ ಕಸ ಗುಡಿಸಲು ಹೋದರು.

ಮೂರನೇ ದಿನ ಬೆಳಗಿನ ರೊಟ್ಟಿ ತಟ್ಟುತ್ತಿದ್ದಾಗ ನನಗೆ ಫಿಟ್ಸ್ ಬಂತಂತೆ. ನನಗೆ ನೆನಪಿರುವುದು ಹೆಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯ ವಾಸನೆ ಮಾತ್ರ. ಹೈವೇವರೆಗೆ ಗಾಡಿಯಲ್ಲಿ, ಅಲ್ಲಿಂದ ಕೈ ಅಡ್ಡ ಹಾಕಿ ನಿಲ್ಲಿಸಿದ ಒಂದು ಲಾರಿಯಲ್ಲಿ ದುರ್ಗದ ದೊಡ್ಡಾಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಾಲಿಗೆ ಕಚ್ಚದಂತೆ ಹಲ್ಲಿನ ನಡುವೆ ಸೆರಗು ತುರುಕಿ ಹಿಡಿದಿದ್ದರಂತೆ.

ನನಗೆ ಎಚ್ಚರವಾದದ್ದು ಎರಡು ದಿನದ ಮೇಲೆ, ಆಸ್ಪತ್ರೆಯ ಮಂಚದಲ್ಲಿ. ಹೊಟ್ಟೆ ಖಾಲಿ. ಹೆಣ್ಣು ಕೂಸು. ಹುಟ್ಟುವ ಮೊದಲೇ ಹೋಗಿತ್ತು. ಗಂಡನೇ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದರು. ನಾನು ಮುಖ ನೋಡಲಿಲ್ಲ. ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಅದು ಮೈ ಬಂದದ್ದಲ್ಲ, ನೀರು. ಬಸುರಿಯ ನಂಜು. ಇನ್ನಷ್ಟು ಮೊದಲೇ ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ನಾನು ಕೇಳಿದ ಮೊದಲ ಮಾತು, ಕೂಸು ಎಷ್ಟು ತೂಕ ಇತ್ತು ಎಂದು. ಗಂಡ ಅತ್ತೆಯ ಕಡೆ ನೋಡಿದರು. ಅತ್ತೆ ನೆಲ ನೋಡಿದರು. ಯಾರೂ ತೂಕ ಕೇಳಿರಲಿಲ್ಲ. ನಾನು ಇಷ್ಟು ತಿಂಗಳು ಯಾರಿಗಾಗಿ ಒಂದೊಂದು ಕಿಲೋ ಕೂಡಿಸಿದೆನೋ ಅವಳದೇ ತೂಕ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಂಕಟ ಹೇಳಿ ತೀರುವಂಥದ್ದಲ್ಲ. ಆಮೇಲೆ ನನಗೆ ಮಕ್ಕಳಾಗಲಿಲ್ಲ.

ಗಂಡ ಔಷಧಿ ತರಲು ಹೋದರು. ಅತ್ತೆ ನನ್ನ ಕಾಲ ಕಡೆ ಬಂದು ಕೂತು ದುಪ್ಪಟಿ ಸರಿಸಿದರು. ನನ್ನ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. “ಬ್ಯಾಡ ಅತ್ತೆ, ಬಿಡ್ರಿ,” ಎಂದು ಎಳೆದುಕೊಳ್ಳಲು ನೋಡಿದೆ, ಶಕ್ತಿ ಇರಲಿಲ್ಲ. ಅವರು ಬಿಡಲೂ ಇಲ್ಲ. ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದರು. ಗುಳಿ ಹಾಗೇ ನಿಂತಿತು. ಇಬ್ಬರೂ ಅದನ್ನೇ ನೋಡಿದೆವು.

“ಆವತ್ತು ಬಚ್ಚಲಾಗೆ ನೋಡಿದಾಗ್ಲೇ ಅನುಮಾನ ಬಂದಿತ್ತು ಕಣವ್ವ,” ಎಂದರು. “ಕುರಿ ಆಗಿದ್ರೆ ಆಗ್ಲೇ ಒತ್ತಿ ನೋಡ್ತಿದ್ದೆ.”

ಗುಳಿ ನಿಧಾನ ತುಂಬಿಕೊಳ್ಳುತ್ತಿತ್ತು. ಅತ್ತೆ ಅದರ ಮೇಲೆ ಅಂಗೈ ಮುಚ್ಚಿದರು.

“ನಿನ್ನ ಆಯಸ್ಸು ಕಮ್ಮಿಯಾಗ್ತೈತೆ ಅಂತ ಮುಟ್ಲಿಲ್ಲ.”