ನನ್ನ ‘ಸಾ’ ಕಪ್ಪು ಎರಡರಲ್ಲಿ

ನನ್ನ ದನಿ ದಪ್ಪ. ಹದಿಮೂರನೆಯ ವಯಸ್ಸಿಗೆ ದಪ್ಪವಾದದ್ದು ಮತ್ತೆ ತೆಳುವಾಗಲೇ ಇಲ್ಲ. ಫೋನಿನಲ್ಲಿ ಗುರುತಿಲ್ಲದವರು ಇವತ್ತಿಗೂ ನನ್ನನ್ನು ‘ಸರ್’ ಎನ್ನುತ್ತಾರೆ. ತಿದ್ದಲು ಹೋಗುವುದಿಲ್ಲ.

ಬಿ.ಕಾಂ. ಎರಡನೆಯ ವರ್ಷದಲ್ಲಿ ಕಾಲೇಜಿನ ಪ್ರಾರ್ಥನೆಯ ಗುಂಪಿಗೆ ಹೆಸರು ಕೊಟ್ಟಿದ್ದೆ. ಎರಡು ದಿನ ತಾಲೀಮು ಮಾಡಿಸಿದ ಉಪನ್ಯಾಸಕರು ನನ್ನನ್ನು ಪಕ್ಕಕ್ಕೆ ಕರೆದು, “ನೀನು ಸಾಲಲ್ಲಿ ನಿಂತ್ಕೋ, ಬಾಯಿ ಆಡಿಸಿದ್ರೆ ಸಾಕು” ಎಂದರು. ನಾನು ಸಾಲು ಬಿಟ್ಟು ಹೊರಗೆ ಬಂದೆ. ಆ ವಾರವೇ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹಿಂದೂಸ್ತಾನಿ ಹೇಳಿಕೊಡುವವರು ಶಿರಸಿಯಲ್ಲಿ ಯಾರಿದ್ದಾರೆಂದು ವಿಚಾರಿಸಿದೆ.

ದಾಸನಕೊಪ್ಪದ ನಮ್ಮ ಕಿರಾಣಿ ಅಂಗಡಿಯಲ್ಲಿ ಈ ಸುದ್ದಿ ಹೇಳಿದಾಗ ಅಪ್ಪ, “ಇದ್ದ ದನೀನ ಯಾರೂ ಕೇಳವಲ್ರು, ಅದಕ್ಕ ಪಾಠ ಬ್ಯಾರೆ ಯಾಕ?” ಎಂದರು. ಅವ್ವ ಸಕ್ಕರೆ ಕಟ್ಟುತ್ತಲೇ, “ಹೋಗ್ಲಿ ಬಿಡ್ರಿ, ಶನಿವಾರ ಸಂಜೀ ಬಸ್ಸಿಗೆ ಬರ್ತಾಳ” ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಹಾಗೆ ಸಿಕ್ಕ ಸಂಗೀತದ ಅಕ್ಕೋರಿಗೆ ಐವತ್ತು ದಾಟಿತ್ತು. ಸಿದ್ದಾಪುರದ ಕಡೆಯವರು. ಟೇಲರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಮೊದಲ ದಿನವೇ ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಮನೆ ಒತ್ತಿ, “ಇದು ಸಾ. ಹಿಡಿ” ಎಂದರು. ಹುಡುಗಿಯರೆಲ್ಲ ಅಲ್ಲೇ ಹಾಡುತ್ತಿದ್ದರು. ಅದಕ್ಕಿಂತ ಕೆಳಗಿನ ಕಪ್ಪು ಒಂದು, ಎರಡು ಗಂಡಸರವು. ನಾಲ್ಕು ತಿಂಗಳು ನಾನೂ ಹಿಡಿದೆ. ಮೇಲಿನ ‘ಸಾ’ ತಲುಪುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬುತ್ತಿತ್ತು, ಭಾನುವಾರವಿಡೀ ಉಗುಳು ನುಂಗಿದರೆ ನೋವು.

ಒಂದು ಶನಿವಾರ ಅರ್ಧಕ್ಕೆ ನಿಲ್ಲಿಸಿದೆ. “ಅಕ್ಕೋರ, ಇದು ನನ್ನ ದನಿ ಅಲ್ರಿ. ಕೆಳಗಿನ ಮನಿಗೆ ಹಾಡ್ತೀನಿ.”

“ಅದು ಗಂಡಸರ ಶ್ರುತಿ. ಹೆಣ್ಣುಮಕ್ಕ ಹಾಡದಲ್ಲ.”

“ನಾ ಹಾಡ್ತೀನಲ್ರಿ.”

“ಹಾಂಗಾದ್ರೆ ಮುಂದಿನ ವಾರದಿಂದ ಬರಡ,” ಎಂದು ಹಾರ್ಮೋನಿಯಂ ಮುಚ್ಚಿದರು.

ಮುಂದಿನ ಶನಿವಾರ ಹೋದೆ. ಬಾಗಿಲು ತೆರೆದಿತ್ತು. ಅವರು ನನ್ನನ್ನು ನೋಡಿ ಅಡುಗೆಮನೆಗೆ ಹೋದರು. ನಾನು ಚಾಪೆಯ ಮೇಲೆ ಕುಳಿತು, ಮೊಬೈಲಿನ ತಂಬೂರಿಯನ್ನು ಕಪ್ಪು ಎರಡಕ್ಕೆ ಇಟ್ಟು ‘ಸಾ’ ಹಿಡಿದೆ. ಯಾರೂ ತಡೆಯಲಿಲ್ಲ. ಭೂಪ ರಾಗದ ಸ್ವರಗಳನ್ನು ಹತ್ತಿ ಇಳಿದು, ಅದಕ್ಕೂ ಕೆಳಗೆ ಮಂದ್ರದ ಪಂಚಮಕ್ಕೆ ಹೋದೆ. ಹೊಟ್ಟೆಯೊಳಗಿಂದ ಬಂದ ಆ ದನಿಗೆ ನನಗೇ ಮೈ ಜುಮ್ಮೆಂದಿತು. ಸ್ವಲ್ಪ ಹೊತ್ತಿಗೆ ಅಕ್ಕೋರು ಕೈ ಒರೆಸಿಕೊಳ್ಳುತ್ತ ಬಂದು ಎದುರು ಕುಳಿತರು. ಹಾರ್ಮೋನಿಯಂ ತೆರೆದು ಬೆರಳನ್ನು ಕಪ್ಪು ಎರಡರ ಮೇಲಿಟ್ಟರು.

“ಪಂಚಮ ಅಲುಗ್ತು. ಇನ್ನೊಂದ್ಸಲ ಹಿಡಿ.”

ಬೈಗುಳ ಕಡಿಮೆಯಾಗಲಿಲ್ಲ, ಆದರೆ ಅಂದಿನಿಂದ ಬೈದದ್ದು ತಪ್ಪಿಗೆ ಮಾತ್ರ.

ಕೊನೆಯ ವರ್ಷ ಸಿದ್ದಾಪುರದಲ್ಲಿ ಅಂತರ ಕಾಲೇಜು ಸ್ಪರ್ಧೆಯಿತ್ತು. ಅಕ್ಕೋರೂ ಬಂದು ಮೂರನೆಯ ಸಾಲಿನಲ್ಲಿ ಕುಳಿತರು. ವೇದಿಕೆಯ ಮೇಲೆ ನನ್ನ ಶ್ರುತಿ ಹೇಳಿದ್ದೇ ತಬಲಾದವರು ಕೈ ತಡೆದರು. “ಈ ತಬಲಾ ಅಷ್ಟು ಕೆಳಗೆ ಇಳಿಯೋದಿಲ್ಲ ತಂಗಿ. ಕಪ್ಪು ನಾಲ್ಕಕ್ಕೇ ಹಾಡಿಬಿಡು, ಎಲ್ಲಾ ಹುಡುಗೀರೂ ಹಾಡಿದ್ರಲ್ಲ.”

“ಗಂಡುಮಕ್ಕಳಿಗೆ ನುಡಿಸೋದು ಐತಲ್ರಿ, ಅದನ್ನ ತರ್ರಿ.”

“ಅವರದು ಊಟ ಆದ್ಮೇಲೆ. ಅದು ಒಳಗೆ ಚೀಲದಲ್ಲಿದೆ.”

“ಕಾಯ್ತೀನ್ರಿ,” ಎಂದು ಕೈಕಟ್ಟಿ ಕುಳಿತೆ. ಹಿಂದೆ ಯಾರೋ ನಕ್ಕರು. ಸಂಘಟಕರು ಗಡಿಯಾರ ನೋಡಿದರು. ನಾನು ಏಳಲಿಲ್ಲ. ಕೊನೆಗೆ ತಬಲಾದವರೇ ಎದ್ದು ಹೋಗಿ ದೊಡ್ಡ ತಬಲಾ ತಂದು, ಸುತ್ತಿಗೆಯಿಂದ ಬಡಿದು ಶ್ರುತಿ ಕೂಡಿಸಿದರು. ನನ್ನ ಮೊದಲ ‘ಸಾ’ಗೆ ಮತ್ತೆ ನಗು ಎದ್ದಿತು. ಆ ನಗು ಮುಗಿಯುವವರೆಗೂ ಅದೇ ‘ಸಾ’ ಬಿಡದೆ ಹಿಡಿದೆ. ಆಮೇಲೆ ಭೂಪ ಹಾಡಿದೆ, ನನಗೆ ಬರುವಷ್ಟು ಚೆನ್ನಾಗಿಯೇ ಹಾಡಿದೆ.

ಬಹುಮಾನ ಬರಲಿಲ್ಲ. ಅಂಕಪಟ್ಟಿಯಲ್ಲಿ ‘ದನಿಯಲ್ಲಿ ಹೆಣ್ಣಿನ ಮಾಧುರ್ಯ ಸಾಲದು’ ಎಂದಿತ್ತು. ಬರೆದ ತೀರ್ಪುಗಾರರು ಕಾರಿನ ಬಳಿ ನಿಂತಿದ್ದರು. ಅಲ್ಲಿಗೇ ಹೋಗಿ ಕೇಳಿದೆ: “ಶ್ರುತಿ ತಪ್ಪಿತ್ತೇನ್ರಿ?”

“ಇಲ್ಲ.”

“ತಾಳ?”

“ಇಲ್ಲಮ್ಮ.”

“ಹಂಗಾರ ನಿಮಗ ನನ್ನ ದನಿ ಸೇರಲಿಲ್ಲ ಅಂತ ಬರೀರಿ. ಅದು ನಿಮ್ಮ ಮಾತಾತು. ಇದು ನನ್ನ ತಪ್ಪು ಅಂದಂಗ ಐತಿ.”

ಅವರು ಬರೆಯಲಿಲ್ಲ. ಬರೆಯುತ್ತಾರೆಂದು ನಾನು ಕೇಳಿದ್ದೂ ಅಲ್ಲ. ಅಕ್ಕೋರೂ ನಾನೂ ಒಂದೇ ಬಸ್ಸಿನಲ್ಲಿ ಶಿರಸಿಗೆ ಬಂದೆವು. ಇಳಿಯುವಾಗ ಅವರು, “ಯನ್ನ ಯಾರೂ ಕೇಳಿದ್ದಿಲ್ಲೆ, ನಿನ್ನ ಸಾ ಎಲ್ಲಿದ್ದು ಹೇಳಿ. ಗುರುಗಳು ನಾಲ್ಕು ಅಂದ, ಆನು ನಾಲ್ಕರಲ್ಲೇ ಹಾಡಿದಿ” ಎಂದು ತಮ್ಮದನ್ನೇ ಹೇಳಿಕೊಂಡರು. ಅವರು ಕಛೇರಿ ಮಾಡುವುದನ್ನು ನಿಲ್ಲಿಸಿ ಹತ್ತು ವರ್ಷವಾಗಿತ್ತು. ಗಂಟಲು ಒಡೆಯುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು, ಯಾಕೆಂದು ಈಗ ತಿಳಿಯಿತು.

ಮುಂದಿನ ಪಾಠದ ದಿನ ನನ್ನನ್ನು ಹಾಡಿಸಲಿಲ್ಲ. ತಂಬೂರಿಯನ್ನು ಕಪ್ಪು ಮೂರಕ್ಕೆ ಇಳಿಸಿ ತಾವೇ ಹಾಡಿದರು. ಮುಗಿಸಿ, ಕಣ್ಣು ತೆರೆಯದೆ, “ಹೇಂಗಾತು?” ಎಂದು ಕೇಳಿದರು.

“ಅಕ್ಕೋರ,” ಎಂದೆ, “ಇನ್ನೂ ಸ್ವಲ್ಪ ಕೆಳಗ ಬರ್ರಿ.”