ನಾನು ಹಾಜರಿ ಕೂಗದ ಶಾಲೆ

ಮಕ್ಕಳೇ, ನಿಮ್ಮ ತಾತ ತೀರಿಹೋದ ಮೇಲೆ ಗಂಗಾನಗರದ ನಮ್ಮ ಮನೆಯ ಮಹಡಿ ಖಾಲಿ ಬಿದ್ದಿತ್ತು. ಕೋರ್ಟಿನಲ್ಲಿ ಕೇಸು ನಡೆಯುತ್ತಿರುವ ಹುಡುಗ ಹುಡುಗಿಯರನ್ನು ಯಾವ ಶಾಲೆಯೂ ಸೇರಿಸಿಕೊಳ್ಳುತ್ತಿಲ್ಲ ಎಂದು ಪಕ್ಕದ ಮನೆಯ ವಕೀಲರು ಒಂದು ದಿನ ಬೇಸರಪಟ್ಟುಕೊಂಡರು. ಪರರ ಮುಂದೆ ಬಾಯಿ ಬಿಡದ ನಾನು, "ನಮ್ ಮಹಡೀಲೇ ಪಾಠ ಮಾಡೋಣ ಬಿಡಿ" ಅಂದುಬಿಟ್ಟೆ. ಇಬ್ಬರು ನಿವೃತ್ತ ಟೀಚರುಗಳು ಸಿಕ್ಕರು. ಕನ್ನಡ ಪಾಠವೂ ಮಧ್ಯಾಹ್ನದ ಅಡುಗೆಯೂ ನನ್ನ ಪಾಲಿಗೆ ಬಂದವು. ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದವಳಿಗೆ ಅದೇ ದೊಡ್ಡದು. ಆರು ತಿಂಗಳು ನಡೆಸಿ, ಆಮೇಲೆ ಅಧಿಕಾರಿ ಬಂದು ನೋಡಿ ಮುಂದುವರಿಸಬೇಕೋ ಮುಚ್ಚಬೇಕೋ ಹೇಳುತ್ತಾರೆ ಎಂದು ಬಾಲ ನ್ಯಾಯ ಮಂಡಳಿ ಒಪ್ಪಿತು.

ಮೊದಲ ದಿನ ಹಾಜರಿ ಕೂಗಿದೆ. ತನ್ನ ಹೆಸರು ಕೇಳಿದ್ದೇ ತಡ, ಒಬ್ಬಳು ಹುಡುಗಿ ಎದ್ದು ಕೈಕಟ್ಟಿ ತಲೆ ತಗ್ಗಿಸಿದಳು.

"ಅಜ್ಜಿ, ಇಂಗ್ ಕೂಗ್ಬೇಡಿ. ಕೋರ್ಟ್ ಬಾಗ್ಲಲ್ಲೂ ಇಂಗೇ ಕೂಗ್ತಾರೆ."

"ಅಲ್ಲಿ ಮೂರ್ ಸಲ ಕಣೇ, ಅಜ್ಜಿ ಒಂದೇ ಸಲ," ಎಂದು ಹಿಂದಿನ ಸಾಲಿನವನೊಬ್ಬ ನಕ್ಕ. ಅವಳು ನಗಲಿಲ್ಲ.

ನಮ್ಮೂರಿನ ಮೇಷ್ಟ್ರು ಸೈಕಲ್ ತುಳಿದು ಬರುವಷ್ಟರಲ್ಲಿ ನಾವೇ ಕರಿಹಲಗೆಯ ಮೇಲೆ ಹೆಸರು ಬರೆದಿಡುತ್ತಿದ್ದೆವು. ಅದು ನೆನಪಾಗಿ, ಮರುದಿನ ಬಾಗಿಲ ಬಳಿ ನೋಟ್‌ಬುಕ್ ಇಟ್ಟೆ. ಬಂದವರು ತಾವೇ ಹೆಸರು, ಅದರ ಕೆಳಗೆ ಒಂದು ಮಾತು ಬರೆಯಬೇಕು. ಆ ಹುಡುಗಿಗೆ ಹೆಸರು ಬರೆಯಲೂ ಬರುತ್ತಿರಲಿಲ್ಲ. ನಾನು ಬರೆದುಕೊಟ್ಟದ್ದನ್ನು ನೋಡಿ ಗೀಚಿದಳು.

ಆರು ತಿಂಗಳಿಗೆ ಅಧಿಕಾರಿ ಬಂದರು. ಹಾಜರಿ ಪುಸ್ತಕ ಕೇಳಿದಾಗ ನೋಟ್‌ಬುಕ್ ಕೊಟ್ಟೆ.

"ಏನಮ್ಮಾ ಇದು? ಟೀಚರ್ ಸಹಿನೇ ಇಲ್ಲ. ಮಕ್ಳೇ ಬರ್ಕೊಂಡ್ರೆ ಯಾರ್ ಒಪ್ತಾರೆ?"

ಬೇರೆ ರಿಜಿಸ್ಟರ್ ಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ತಪ್ಪಿಗೆ ಶಾಲೆ ಮುಚ್ಚಿಹೋಗುತ್ತದೆ ಅನ್ನಿಸಿತು. ಆದರೂ ಮಾತು ಹೊರಬಂತು. "ಸಾರ್, ಅಲ್ ಕೂತಿದಾಳಲ್ಲ, ಆ ಹುಡುಗಿ ಮೊದಲ್ನೇ ದಿನ ಬರ್ದಿದ್ದು ನೋಡಿ. ಆಮೇಲೆ ಇವತ್ತಿಂದು ನೋಡಿ."

ಮೊದಲ ಪುಟದಲ್ಲಿ ಸೊಟ್ಟಗೆ ಮೂರು ಅಕ್ಷರ. ಇವತ್ತಿನದರಲ್ಲಿ, "ಬಸ್ಸು ಹೆಬ್ಬಾಳದಲ್ಲಿ ಕೆಟ್ಟು ನಿಂತಿತು. ಓಡಿ ಬಂದೆ. ಲೇಟಾಗಿಲ್ಲ."

ಅವರು ಒಂದೊಂದೇ ಪುಟ ತಿರುಗಿಸುತ್ತ ಹೋದರು. ಒಂದು ಕಡೆ ಜೋರಾಗಿ ನಕ್ಕರು. "'ಅಜ್ಜಿ ಸಾರಿಗೆ ನಿನ್ನೆಯೂ ಉಪ್ಪಿರಲಿಲ್ಲ' ಅಂತ ಬರ್ದಿದಾಳಲ್ರೀ!" ಹೊರಡುವಾಗ ಹೇಳಿದರು: "ರಿಜಿಸ್ಟರ್ ಒಂದ್ ಬೇರೆ ಇಡಿ. ಇದನ್ನ ಮಾತ್ರ ನಿಲ್ಲಿಸ್ಬೇಡಿ. ಶಾಲೆನೂ ಅಷ್ಟೇ."

ಮುಂದಿನ ತಿಂಗಳು ಮಂಡಳಿಯೇ ಇನ್ನೂ ಎಂಟು ಮಕ್ಕಳನ್ನು ಕಳಿಸಿತು!

ಅಧಿಕಾರಿ ಬಂದುಹೋದ ಮರುದಿನ ಬೆಳಿಗ್ಗೆ ಆ ಹುಡುಗಿ ಬಾಗಿಲಲ್ಲೇ ನನ್ನನ್ನು ತಡೆದು ಪೆನ್ನು ಚಾಚಿದಳು. "ಅಜ್ಜಿ, ನಿಮ್ದೊಂದ್ ಬಾಕಿ."

ಹೆಸರು ಬರೆದೆ. ಕೆಳಗೆ ಬರೆದ ಮಾತು: ಸಾರಿಗೆ ಉಪ್ಪು ಹಾಕಿದ್ದೇನೆ.