ರುದ್ರಯ್ಯನವರ ಮಿಲ್ಲಿನ ಎಣ್ಣೆ

ಕಳ್ಳಂಬೆಳ್ಳದ ಎಣ್ಣೆ ಮಿಲ್ಲಿನ ರುದ್ರಯ್ಯನವರ ಮುಖ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಮನೆಮನೆಯಲ್ಲಿತ್ತು. ದೇವರ ಗೂಡಿನಲ್ಲಲ್ಲ, ಎಣ್ಣೆ ಡಬ್ಬದ ಮೇಲೆ. ಜರಿಪೇಟ, ಹುರಿಮೀಸೆ, ಎದೆಯ ಮೇಲೆ ಗಡಿಯಾರದ ಸರಪಳಿ. ಎಣ್ಣೆ ಮುಗಿದ ಮೇಲೆ ಜನ ಅದೇ ಡಬ್ಬದಲ್ಲಿ ನೀರು ಸೇದುತ್ತಿದ್ದರು, ಇಲ್ಲವೇ ತಟ್ಟಿ ಚಪ್ಪಟೆ ಮಾಡಿ ಕೋಳಿಗೂಡಿಗೆ ಬಾಗಿಲು ಹಾಕುತ್ತಿದ್ದರು. ಪಾವಗಡದ ಕಡೆಯ ಮುದುಕಿಯೊಬ್ಬಳು ಯಾವುದೋ ಸಂಸ್ಥಾನದ ದೊರೆಯೆಂದು ಡಬ್ಬಕ್ಕೆ ಕೈಮುಗಿದಳಂತೆ. ಈ ಸುದ್ದಿ ಹಬ್ಬಿಸಿದವರು ಸ್ವತಃ ರುದ್ರಯ್ಯನವರೇ ಆದ್ದರಿಂದ ಎಷ್ಟು ನಂಬಬೇಕೋ ನಿಮಗೇ ಬಿಟ್ಟದ್ದು.

ಅಂಥ ದೊಡ್ಡ ಮನುಷ್ಯನ ಹೆಂಡತಿಯಾಗಿ ಬದುಕಿದವಳು ಚನ್ನಮಲ್ಲಮ್ಮ. ಡಬ್ಬದ ಮೇಲೆ ಅವಳ ಮುಖವಿರಲಿಲ್ಲ. ಇರಬೇಕಿತ್ತು ಎಂದು ಈ ಕತೆ ಕೇಳಿದ ಮೇಲೆ ನೀವೇ ಹೇಳುತ್ತೀರಿ.

ಅವಳು ಮದುವೆಯಾಗಿ ಬಂದಾಗ ಮಿಲ್ಲೂ ಇಲ್ಲ, ಸರಪಳಿಯೂ ಇಲ್ಲ. ಹಿತ್ತಲಲ್ಲಿ ಮಾವನ ಮರದ ಗಾಣವಿತ್ತು. ಎತ್ತು ಸುತ್ತುವಾಗ ಗಾಣದ ಹಲಗೆಯ ಮೇಲೆ ಭಾರಕ್ಕೆ ಒಬ್ಬರು ಕೂರಬೇಕು. ಚಿಕ್ಕಂದಿನಲ್ಲಿ ರುದ್ರಯ್ಯ ಕೂತಿದ್ದ ಹಲಗೆಯ ಮೇಲೆ ಹೊಸ ಸೊಸೆ ಕೂತಳು. ಕೂತು ಕೂತು ಆ ಎಣ್ಣೆಯ ಗಮ ಅವಳ ಸೀರೆಗೆ, ಕೂದಲಿಗೆ ಹತ್ತಿಕೊಂಡಿತು.

ಮಾವ ತೀರಿಕೊಂಡ ಮೇಲೆ ರುದ್ರಯ್ಯನಿಗೆ ಎಂಜಿನ್ನಿನ ಹುಚ್ಚು ಹಿಡಿಯಿತು. ಹೊಲಗಿಲ ಮಾರಿ, ಉಗಿ ಎಂಜಿನ್ ತರಿಸಿ, ಸಿರಾದಿಂದ ಕುತುಬುದ್ದೀನ್ ಮೇಸ್ತ್ರಿಯನ್ನು ಕರೆಸಿ ಮಿಲ್ಲು ನಿಲ್ಲಿಸಿಯೇಬಿಟ್ಟ. ಅಷ್ಟಕ್ಕೇ ಸುಮ್ಮನಿರಬಾರದೆ? ಆರಂಭದ ದಿನ ಊರವರ ಎದುರಿಗೆ ಅಪ್ಪನ ಗಾಣವನ್ನೇ ಸಿಗಿದು ಬಾಯ್ಲರಿಗೆ ಹಾಕಿ ಮೊದಲ ಉಗಿ ಎಬ್ಬಿಸುತ್ತೇನೆ ಎಂದು ಸಾರಿದ.

ಗಂಡನಿಗೆ ಹೇಳಿ ಪ್ರಯೋಜನವಿಲ್ಲ. ಗಾಣ ನೋಡಲು ಹಿತ್ತಲಿಗೆ ಬಂದ ಮೇಸ್ತ್ರಿಯ ಹತ್ತಿರ ಚನ್ನಮಲ್ಲಮ್ಮ ಹೋಗಿ ನಿಂತಳು.

"ಅಣ್ಣಾ, ನಮ್ಮ ಮಾವ ಆಯಸ್ಸೆಲ್ಲಾ ಅದರ ಸುತ್ತಾನೇ ಸುತ್ತಿದ್ರು ಕಣಣ್ಣ. ಅದನ್ನ ಒಲೆಗಾಕ್ಬೇಡ."

"ಫಿಕರ್ ಮಾಡ್ಬೇಡಿ ಅಮ್ಮಾ. ಬಾಯ್ಲರಿಗೆ ಬೇಕಾಗಿರೋದು ಸೌದೆ. ಯಾರ ಗಾಣ ಅಂತ ಅದು ಕೇಳಲ್ಲ."

ಗಾಣ ಹುಲ್ಲಿನ ಗಾಡಿಯಲ್ಲಿ ಅಡಗಿ ತೋವಿನಕೆರೆಗೆ, ಅವಳ ತವರಿಗೆ ಹೋಯಿತು. ಬಾಯ್ಲರಿನಲ್ಲಿ ಉರಿದದ್ದು ಮೇಸ್ತ್ರಿ ಮೊದಲೇ ಸಿಗಿದಿಟ್ಟಿದ್ದ ಒಂದು ಹಳೇ ಹುಣಸೆ ಬೊಡ್ಡೆ. ಅದರ ಹೊಗೆ ನೋಡಿ ರುದ್ರಯ್ಯನವರು "ನಮ್ಮಪ್ಪನೇ ಮ್ಯಾಕೋದಂಗಾಯ್ತು" ಎಂದು ಕಣ್ಣೊರೆಸಿಕೊಂಡರು. ಮೇಸ್ತ್ರಿ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಿಲ್ಲಿನ ಮೊದಲ ಎಣ್ಣೆ ಮನೆಗೆ ಬಂತು. ಒಗ್ಗರಣೆ ಹಾಕಿದರೆ ಅಡುಗೆಮನೆಯೆಲ್ಲ ಕಾದ ಕಬ್ಬಿಣದ ವಾಸನೆ. ಇದನ್ನು ಹೆಂಗಪ್ಪಾ ಬಡಿಸುವುದು ಎಂದು ಚನ್ನಮಲ್ಲಮ್ಮ ಪೇಚಾಡಿಕೊಂಡು, ಗಡಿಗೆಯ ತಳದಲ್ಲಿದ್ದ ಗಾಣದೆಣ್ಣೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದಳು. ರುದ್ರಯ್ಯನವರು ಒಂದು ತುತ್ತು ಬಾಯಿಗಿಟ್ಟವರೇ ತೊಡೆ ತಟ್ಟಿದರು.

"ನೋಡ್ದಾ? ಎಂಜಿನ್ ಎಣ್ಣೆ ಅಂದ್ರೆ ಇದು ಕಣೇ! ಯಾ ಗಾಣದಾಗೆ ಬತ್ತದೆ ಈ ರುಚಿ?"

ಈಗ ಹೇಳಿ, ಅವಳು ಏನು ಮಾಡಬೇಕಿತ್ತು? ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಅವರು ನೆಂಟರನ್ನು ಊಟಕ್ಕೆ ಕರೆತಂದರು, ನಾಳಿದ್ದು ಅಮಲ್ದಾರರನ್ನು. ಉಂಡವರೆಲ್ಲ ಹೊಗಳಿದರು, ಡಬ್ಬ ಕೊಂಡರು. ಚನ್ನಮಲ್ಲಮ್ಮ ತವರಿಗೆ ಹೇಳಿಕಳಿಸಿದಳು. ತೋವಿನಕೆರೆಯಲ್ಲಿ ಅವಳ ತಮ್ಮ ಶಂಕರಲಿಂಗಪ್ಪ ಗಾಣ ಹೂಡಿದ. ತಿಂಗಳು ತಿಂಗಳೂ ಅಕ್ಕನಿಗೆ ಒಂದು ಗಡಿಗೆ ಎಣ್ಣೆ ಬರತೊಡಗಿತು, ಮೇಲೆ ಬೆಲ್ಲದ ಅಚ್ಚು ಮುಚ್ಚಿಕೊಂಡು.

ರುದ್ರಯ್ಯನವರು ಬೆಳೆದರು. ಮಿಲ್ಲು ಬೆಳೆಯಿತು, ಹೊಟ್ಟೆಯೂ ಬೆಳೆಯಿತು. ಕಾರು ಬಂತು. ಮದುವೆ ಮನೆಗಳಲ್ಲಿ ಮಾತ್ರ ಅವರದೊಂದು ವರಸೆ. ಪಲ್ಯ ಬಾಯಿಗಿಟ್ಟು ಮುಖ ಸಿಂಡರಿಸಿ, "ಥೂ, ಇದು ಮಧುಗಿರಿಯೋರ ಮಿಲ್ಲಿಂದು. ನಮ್ದಲ್ಲ" ಎನ್ನುವರು. ಅವರದೇ ಮುಖದ ಡಬ್ಬ ಮೂಲೆಯಲ್ಲಿ ಕೂತು ಅವರನ್ನೇ ನೋಡುತ್ತಿರುತ್ತಿತ್ತು. "ಡಬ್ಬ ನಮ್ದೇ ಇರ್ಬೋದು ಕಣ್ರೀ, ಒಳಗೆ ಸುರಿದಿರೋದು ಬ್ಯಾರೆ!" ಹೆಂಗಸರ ಪಂಕ್ತಿಯಲ್ಲಿ ಚನ್ನಮಲ್ಲಮ್ಮ ತಲೆಯೆತ್ತುತ್ತಿರಲಿಲ್ಲ.

ಜರ್ಮನಿಯ ಎರಡನೇ ಯುದ್ಧ ನಡೆಯುತ್ತಿದ್ದಾಗ ತೋವಿನಕೆರೆಯ ಎತ್ತು ಕಾಯಿಲೆ ಬಿತ್ತು. ಎಣ್ಣೆ ಬರಲಿಲ್ಲ. ವಯಸ್ಸಾದ ನಾಲಗೆಗೆ ಏನು ಗೊತ್ತಾಗುತ್ತದೆ ಎಂದುಕೊಂಡು ಚನ್ನಮಲ್ಲಮ್ಮ ಮಿಲ್ಲಿನ ಡಬ್ಬ ಒಡೆದು ಒಗ್ಗರಣೆ ಹಾಕಿದಳು.

ಮೊದಲ ತುತ್ತಿಗೇ ರುದ್ರಯ್ಯನವರು ಎದ್ದು ನಿಂತರು. "ಮೋಸ! ನನ್ನ ಮಿಲ್ಲಿನಾಗೇ ಮೋಸ! ಯಾವನೋ ಎಣ್ಣೆಗೆ ಏನೋ ಬೆರೆಸ್ತವ್ನೆ. ಕುತುಬುದ್ದೀನನ ಕಣ್ಣು ತಪ್ಸಿ ಅಲ್ಲಿ ಇಲೀನೂ ಓಡಾಡಲ್ಲ. ಅವನೇ ಬೆರೆಸಿರ್ಬೇಕು!" ಕೈ ತೊಳೆಯದೆ ಮಿಲ್ಲಿಗೆ ಹೊರಟೇಬಿಟ್ಟರು.

ಚನ್ನಮಲ್ಲಮ್ಮ ಬಾಯಿ ಬಿಟ್ಟರೆ ಗಂಡನ ಆಯಸ್ಸಿನ ಹೆಮ್ಮೆ ಮಣ್ಣುಪಾಲು. ಬಿಡದಿದ್ದರೆ ಅವಳಿಗಾಗಿ ಒಂದು ಗುಟ್ಟು ಕಾಪಾಡಿಕೊಂಡು ಬಂದ ಮನುಷ್ಯ ಕಳ್ಳನೆಂಬ ಹೆಸರು ಹೊತ್ತು ಮನೆಗೆ ಹೋಗಬೇಕು. ಒಲೆ ಆರಿಸಿ, ಸೆರಗು ಹೊದ್ದು, ಎಂದೂ ಕಾಲಿಡದಿದ್ದ ಮಿಲ್ಲಿಗೆ ನಡೆದಳು.

ಒಳಗೆ ಎಂಜಿನ್ ಸದ್ದು ಕಿವಿ ಒಡೆಯುವಂತಿತ್ತು. ರುದ್ರಯ್ಯನವರು ಬಾಗಿಲಿನ ಕಡೆ ಕೈ ತೋರಿಸಿ ಕೂಗುತ್ತಿದ್ದರು. ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದ, ಗುಟ್ಟು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಚನ್ನಮಲ್ಲಮ್ಮ ಗಂಡನ ಕಿವಿಯ ಹತ್ತಿರ ಹೋಗಿ ಹೇಳಿದಳು, ಕೇಳಿಸಲಿಲ್ಲ. ಜೋರಾಗಿ ಹೇಳಿದಳು, ಕೇಳಿಸಲಿಲ್ಲ. ಪಾಪ, ಅಮ್ಮ ಮಾತಾಡುತ್ತಿದ್ದಾರೆ ಎಂದು ಮೇಸ್ತ್ರಿ ಮರ್ಯಾದೆಗೆ ಎಂಜಿನ್ ನಿಲ್ಲಿಸಿದ. ಸರಿಯಾಗಿ ಅದೇ ಗಳಿಗೆಗೆ ಅವಳು ಗಂಟಲು ಹರಿಯುವಂತೆ ಕೂಗಿದಳು:

"ಅದು ನಿಮ್ಮ ಮಿಲ್ಲಿನ ಎಣ್ಣೇನೇ ಕಣ್ರೀ! ಇಷ್ಟು ದಿನ ತಿಂದಿದ್ದು ನಿಮ್ಮಪ್ಪನ ಗಾಣದ್ದು!"

ಕಳ್ಳಂಬೆಳ್ಳದ ಕೆರೆ ಏರಿಯ ಮೇಲಿದ್ದವರಿಗೂ ಕೇಳಿಸಿತಂತೆ.

"ಅಪ್ಪನ ಗಾಣ ಸುಟ್ಟೋಯ್ತಲ್ಲೇ?"

"ಸುಟ್ಟಿದ್ದು ಹುಣಸೆ ಬೊಡ್ಡೆ. ಗಾಣ ನಮ್ಮಪ್ಪನ ಮನೇಲೈತೆ. ಈಯಣ್ಣ ನನ್ನ ಮಾತಿಗೆ ಕಳ್ಸಿಕೊಟ್ರು. ಅವ್ರನ್ನೇನೂ ಅನ್ಬೇಡಿ."

ರುದ್ರಯ್ಯನವರು ಕಡಲೆಕಾಯಿ ಮೂಟೆಯ ಮೇಲೆ ಕುಸಿದು ಕೂತರು. "ಅಂಗಾದ್ರೆ ಮದುವೆ ಮನೇಗಳಾಗೆ..." ಎಂದರು.

"ಅದೆಲ್ಲಾ ನಿಮ್ದೇ."

ಆಳುಗಳೆಲ್ಲ ಇದ್ದಕ್ಕಿದ್ದಂತೆ ಗೋಡೆ ನೋಡತೊಡಗಿದರು. ಯಾರದೋ ಮೂಗಿನಿಂದ ನಗು ಬುಸ್ಸೆಂದಿತು. ರುದ್ರಯ್ಯನವರು ಮೇಸ್ತ್ರಿಯ ಕಡೆ ನೋಡದೆ, "ಎಂಜಿನ್ ಹಾಕಯ್ಯ. ಕೆಲ್ಸ ಬುಟ್ಟು ಏನ್ ನೋಡ್ತಾ ನಿಂತೆ?" ಎಂದರು. ಅವರ ಬಾಯಲ್ಲಿ ಕ್ಷಮೆ ಕೇಳುವುದೆಂದರೆ ಅಷ್ಟೇ. ಮೇಸ್ತ್ರಿಗೆ ಅರ್ಥವಾಯಿತು.

ಮಾರನೇ ವಾರ ಹೆಂಡತಿಯನ್ನು ಕೂರಿಸಿಕೊಂಡು ಕಾರಿನಲ್ಲಿ ತೋವಿನಕೆರೆಗೆ ಹೋದರು. ಎತ್ತು ಚೇತರಿಸಿಕೊಂಡಿತ್ತು. ಗಾಣ ಮುಟ್ಟಿ ನೋಡಿದರು, ಮೂಸಿದರು. ಆಮೇಲೆ ಯಾರು ಬೇಡವೆಂದರೂ ಕೇಳದೆ ಹಲಗೆ ಏರಿ ಕೂತರು. ಎತ್ತು ಒಂದು ಹೆಜ್ಜೆ ಎಳೆದು ನಿಂತು, ಹಿಂದಕ್ಕೆ ತಿರುಗಿ ನೋಡಿತು.

"ಇಳೀರಿ, ಅದು ಸತ್ತೇ ಹೋಯ್ತದೆ!" ಎಂದಳು ಚನ್ನಮಲ್ಲಮ್ಮ. ಅವರು ಇಳಿದು, ಅವಳ ತೋಳು ಹಿಡಿದು ಹತ್ತಿಸಿದರು. ಎತ್ತು ನಡೆಯಿತು. ರುದ್ರಯ್ಯನವರು ಪೇಟ ಕಂಕುಳಲ್ಲಿಟ್ಟುಕೊಂಡು ಅದರ ಹಿಂದೆ ಹಿಂದೆ ಸುತ್ತಿದರು.

ಹಾಗಂತ ಬಡಾಯಿ ನಿಂತಿತೇ? ಎಲ್ಲಿ ಬಂತು! ನೆಂಟರು ಉಣ್ಣುತ್ತಿದ್ದರೆ ಅದೇ ಹಳೇ ಮಾತು, "ನಮ್ಮ ಮಿಲ್ಲಿನ ಎಣ್ಣೆ!" ಆದರೆ ಹಾಗೆಂದವರು ಒಮ್ಮೆ ಅಡುಗೆಮನೆ ಬಾಗಿಲ ಕಡೆ ನೋಡುವರು. ಒಳಗಿನಿಂದ ಬಳೆ ಸದ್ದಾಗುತ್ತಿತ್ತು.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ ಅವರು ತೀರಿಕೊಂಡರು. ನಾಲ್ಕೂ ತಾಲ್ಲೂಕಿನ ಜನ ಬಂದರು. ಸಂಜೆ ಸಮಾಧಿಗೆ ದೀಪ ಹಚ್ಚುವಾಗ ಶಂಕರಲಿಂಗಪ್ಪ ಗಾಣದೆಣ್ಣೆಯ ಗಡಿಗೆ ತಂದ. ಚನ್ನಮಲ್ಲಮ್ಮ ಬೇಡವೆಂದು ತಲೆಯಾಡಿಸಿ, ಮೇಸ್ತ್ರಿಯ ಕಡೆ ತಿರುಗಿದಳು.

"ಅಣ್ಣಾ, ಮಿಲ್ಲಿಂದೇ ಒಂದು ಡಬ್ಬ ತತ್ತಾ. ಉಣ್ಣೋವಾಗ ಅವ್ರಿಗೆ ನಾನೇ ಅದನ್ನ ದಕ್ಕಿಸ್ಲಿಲ್ಲ. ದೀಪಕ್ಕಾದ್ರೂ ಅವ್ರದೇ ಇರ್ಲಿ."

ಮೇಸ್ತ್ರಿ ಡಬ್ಬ ತಂದು ಹಣತೆಗೆ ಸುರಿದ. ಗಾಳಿಯಿತ್ತು, ಆದರೂ ದೀಪ ನೆಟ್ಟಗೆ, ಬೆಳ್ಳಗೆ ಉರಿಯಿತು.

"ನೋಡಿದ್ರಾ ಅಮ್ಮಾ? ಉರಿಯೋಕೇನೂ ಕಮ್ಮಿ ಇಲ್ಲ ನಮ್ಮೆಣ್ಣೆ."

ಹೂಂ ಎಂದಳು ಚನ್ನಮಲ್ಲಮ್ಮ. ಡಬ್ಬದ ಮೇಲಿನ ಮುಖಕ್ಕೆ ಎಣ್ಣೆ ಸೋರಿತ್ತು. ಅದನ್ನು ಸೆರಗಿನಿಂದ ಒರೆಸುತ್ತ ಒರೆಸುತ್ತ ಜೋರಾಗಿ ಅತ್ತುಬಿಟ್ಟಳು.